ಅಜ್ಜಿಯ ಇಂಜೆಕ್ಷನ್, ಸೈಕಲ್ ಹುಡುಗನ ತೋಳಿಗೆ

ಶಿವಮೊಗ್ಗದಲ್ಲಿ ಕಿಡ್ನಿ ರೋಗಿಗಳನ್ನು ನೋಡುವ ಡಾಕ್ಟರ್ ನಾನು. ಡಯಾಲಿಸಿಸ್‌ಗೆ ಬರುವ ತುಂಬಾ ಜನರಿಗೆ ಎರಿತ್ರೋಪೊಯೆಟಿನ್ ಎಂಬ ಇಂಜೆಕ್ಷನ್ ಕೊಡುತ್ತೇವೆ. ಎಲ್ಲರೂ ಇಪಿಒ ಅನ್ನುತ್ತಾರೆ. ಕಿಡ್ನಿ ಚೆನ್ನಾಗಿದ್ದರೆ ದೇಹವೇ ಇದನ್ನು ತಯಾರಿಸುತ್ತದೆ. ಕೆಂಪು ರಕ್ತಕಣ ಮಾಡು ಅಂತ ಮೂಳೆಯೊಳಗಿನ ಮಜ್ಜೆಗೆ ಹೇಳುವುದೇ ಇದರ ಕೆಲಸ. ಮೆಟ್ಟಿಲು ಹತ್ತಲಾಗದ ಅಜ್ಜಿಯೊಬ್ಬರು ಕೆಲವು ವಾರಗಳ ನಂತರ, 'ನಿನ್ನೆ ತೋಟದ ತನಕ ಹೋಗಿ ಬಂದೆ' ಅಂದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಅದೇ ಔಷಧದ ಖಾಲಿ ಸೀಸೆಯೊಂದನ್ನು ಸೈಕಲ್ ರೇಸಿನ ಹುಡುಗನೊಬ್ಬ ನನ್ನ ಮೇಜಿನ ಮೇಲೆ ಇಟ್ಟ. ಕರ್ಚೀಫಿನಲ್ಲಿ ಸುತ್ತಿ ತಂದಿದ್ದ. 'ಎರಡು ಸಲ ಹಾಕ್ಕೊಂಡೆ ಸರ್. ಹೆದರಿಕೆ ಆಗ್ತಿದೆ.'

ಹೆದರಬೇಕಾದ್ದೇ. ಗಂಡಸರ ರಕ್ತದಲ್ಲಿ ಕೆಂಪುಕಣದ ಪಾಲು ಸಾಮಾನ್ಯವಾಗಿ ನೂರಕ್ಕೆ 40ರಿಂದ 50. ಜಾಸ್ತಿಯಾದರೆ ಸ್ನಾಯುಗಳಿಗೆ ಆಮ್ಲಜನಕವೂ ಜಾಸ್ತಿ, ಘಾಟಿ ಹತ್ತುವಾಗ ಏದುಸಿರು ಕಡಿಮೆ. ಆದರೆ ರಕ್ತ ಮಂದವಾಗುತ್ತದೆ. ಬೆವರು ಸುರಿದು ನೀರಿನಂಶ ಇಳಿದರೆ ಇನ್ನೂ ಮಂದ. ಹೆಪ್ಪುಗಟ್ಟಿ ಹೃದಯಕ್ಕೋ ಮಿದುಳಿಗೋ ಅಡ್ಡ ಕೂತರೆ ಮುಗಿಯಿತು.

ಯುರೋಪಿನ ಸೈಕ್ಲಿಂಗ್ ಈ ಸೀಸೆಯ ಹಿಂದೆ ಬಿದ್ದಿದ್ದು 1990ರ ದಶಕದಲ್ಲಿ. ಆಗ ಇಪಿಒ ಪತ್ತೆಹಚ್ಚುವ ಪರೀಕ್ಷೆ ಇರಲಿಲ್ಲ. 1997ರಲ್ಲಿ ಕೆಂಪುಕಣಕ್ಕೆ 50ರ ಮಿತಿ ಹಾಕಿದರು. ಆದರೆ 42 ಇದ್ದವನು ಮದ್ದು ಹಾಕಿಕೊಂಡು 49ಕ್ಕೆ ಬಂದು ನಿಂತರೆ ಏನು ಮಾಡುವುದು? ಒಬ್ಬೊಬ್ಬರ ರಕ್ತದ ಏರಿಳಿತವನ್ನು ವರ್ಷಗಟ್ಟಲೆ ದಾಖಲಿಸುವ ಬಯಾಲಾಜಿಕಲ್ ಪಾಸ್‌ಪೋರ್ಟ್ 2008ರಲ್ಲಿ ಬಂದಿದ್ದು ಇದಕ್ಕೇ. ನನ್ನ ದೃಷ್ಟಿಯಲ್ಲಿ ಅದು ನಿಜಕ್ಕೂ ಜಾಣ ಉಪಾಯ.

ಹುಡುಗನಿಗೆ ನಾನು ಬ್ರಿಟನ್ನಿನ ಸೈಕಲ್ ರೇಸರ್ ಡೇವಿಡ್ ಮಿಲ್ಲರ್ ಕಥೆ ಹೇಳಿದೆ. 2004ರಲ್ಲಿ ಫ್ರಾನ್ಸ್ ಪೊಲೀಸರು ಅವನ ಮನೆ ಶೋಧಿಸಿದಾಗ ಇಪಿಒ ಬಳಸಿ ಬಿಸಾಡದೆ ಇಟ್ಟುಕೊಂಡಿದ್ದ ಸಿರಿಂಜ್‌ಗಳು ಸಿಕ್ಕವು. ತಪ್ಪೊಪ್ಪಿಕೊಂಡ. ಒಬ್ಬೊಬ್ಬರೇ ಗಡಿಯಾರದ ಜೊತೆ ಪೈಪೋಟಿ ಮಾಡುವ ಟೈಮ್ ಟ್ರಯಲ್‌ನ 2003ರ ವಿಶ್ವ ಪಟ್ಟ ಹೋಯಿತು, ಎರಡು ವರ್ಷ ನಿಷೇಧ. 2006ರಲ್ಲಿ ವಾಪಸ್ ಬಂದವನು ಮದ್ದಿನ ವಿರುದ್ಧ ಬಾಯಿಬಿಟ್ಟು ಮಾತಾಡಿದ. 2012ರ ಜುಲೈ 13ರಂದು ಟೂರ್ ಡಿ ಫ್ರಾನ್ಸ್‌ನಲ್ಲಿ ಒಂದು ಹಂತ ಗೆದ್ದ. 1967ರಲ್ಲಿ ಅದೇ ದಿನ, ಅದೇ ರೇಸಿನಲ್ಲಿ, ಮಾಂಟ್ ವೆಂಟೂ ಬೆಟ್ಟದ ಮೇಲೆ ಟಾಮ್ ಸಿಂಪ್ಸನ್ ಕುಸಿದು ಸತ್ತಿದ್ದ. ಅವನ ದೇಹದಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಮದ್ದು ಸಿಕ್ಕಿತ್ತು. ಮಿಲ್ಲರ್ ಗೆದ್ದ ಮೇಲೆ ಸಿಂಪ್ಸನ್‌ನನ್ನೂ ನೆನೆದ, ತಾನೂ ಒಂದು ಕಾಲಕ್ಕೆ ಮದ್ದು ತಗೊಂಡವನು ಅನ್ನುವುದನ್ನೂ ಮುಚ್ಚಿಡಲಿಲ್ಲ. ಆ ಗೆಲುವಿಗಿಂತ ಆ ಮಾತು ನನಗೆ ದೊಡ್ಡದು.

ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕೂಡ ಒಪ್ಪಿಕೊಂಡ, ಅಲ್ವಾ ಅಂತ ಹುಡುಗ ಕೇಳಿದ. ಒಪ್ಪಿಕೊಂಡ, 2013ರಲ್ಲಿ. ಅಷ್ಟರಲ್ಲಿ ಏಳು ಟೂರ್ ಪಟ್ಟಗಳೂ ಹೋಗಿದ್ದವು. ಅದಕ್ಕೂ ಮುಂಚೆ, ನಿಜ ಹೇಳಿದವರನ್ನೇ ಸುಳ್ಳುಗಾರರು ಅಂತ ವರ್ಷಗಟ್ಟಲೆ ಕಾಡಿದ್ದ. ಅವರ ಕಳೆದುಹೋದ ವರ್ಷಗಳನ್ನು ಯಾರು ಕೊಡುತ್ತಾರೆ?

ಸಿಕ್ಕಿಬೀಳುವ ಮೊದಲೇ ತಾನಾಗಿ ಹೇಳಿಕೊಂಡರೆ ಶಿಕ್ಷೆ ಕಡಿಮೆಯಾಗುವ ದಾರಿ ನಿಯಮದಲ್ಲೇ ಇದೆ. ಕ್ರೀಡೆಯಲ್ಲಿ ಮದ್ದು ತಡೆಯುವ ನಮ್ಮ ದೇಶದ ಸಂಸ್ಥೆ ನಾಡಾಗೆ ಬರೆಯಪ್ಪ ಅಂದೆ. ಸೀಸೆ ಕೊಟ್ಟವರು ಯಾರು ಅಂತಲೂ ಬರಿ ಅಂದೆ. ಅಲ್ಲಿ ಅವನು ತಲೆ ತಗ್ಗಿಸಿದ. ಕೊಟ್ಟವನು ಅವನಿಗೆ ಅಣ್ಣನಂಥವನಂತೆ. ಸುಮಾರು ಹೊತ್ತು ಇಬ್ಬರೂ ಸುಮ್ನೆ ಕೂತೆವು.

ಹೋದ ತಿಂಗಳು ರಕ್ತದ ರಿಪೋರ್ಟ್ ಹಿಡಿದು ಬಂದಿದ್ದ. ಕೆಂಪುಕಣ 44. ಬರೆದ ಕಾಗದದ ಪ್ರತಿಯನ್ನೂ ತೋರಿಸಿದ, ಹೆಸರೂ ಇತ್ತು. 'ಸೋಮೇಶ್ವರದಿಂದ ಆಗುಂಬೆ ಹತ್ತೋಕೆ ಈಗ ನಾಲ್ಕು ನಿಮಿಷ ಜಾಸ್ತಿ ಬೇಕು ಸರ್' ಅಂದ.