ಕೀ ಸರಿಯಾಗಿದ್ದರೂ ಸರ್ವರ್ ಪಾಸ್‌ವರ್ಡ್ ಕೇಳುತ್ತಿದೆಯಾ?

ಎರಡು ರಾತ್ರಿ ಇದಕ್ಕೇ ಹೋಯ್ತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ಲಿನಕ್ಸ್ ಅಡ್ಮಿನ್ ಕೆಲಸ ಕಲಿಯುತ್ತಿರುವ ನಿಮಗೂ ಬೇಕಾಗಬಹುದು. ನಾನಿರುವುದು ಸೋಮವಾರಪೇಟೆ ಹತ್ತಿರದ ಹಳ್ಳಿಯಲ್ಲಿ. ಅಭ್ಯಾಸಕ್ಕೆ ಬಾಡಿಗೆಗೆ ತೆಗೆದುಕೊಂಡ ಸರ್ವರ್ ಮುಂಬೈಯಲ್ಲಿದೆ. ಅದನ್ನು ಮುಟ್ಟಲು ನಾನು ದಿನವೂ ಬಳಸುವ ದಾರಿ ಎಸ್‌ಎಸ್‌ಎಚ್, ಅಂದರೆ ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ.

ಪಾಸ್‌ವರ್ಡ್ ಬದಲು ಬಳಸುವ ಕೀ ಜೋಡಿ ಮಾಡುವುದು ಸುಲಭ, ಕೀ ವಿಧಗಳಲ್ಲಿ ಇಡಿ25519 ಆರಿಸಿಕೊಳ್ಳಿ ಸಾಕು. ಪ್ರೈವೇಟ್ ಕೀ ಲ್ಯಾಪ್‌ಟಾಪ್ ಬಿಟ್ಟು ಎಲ್ಲಿಗೂ ಹೋಗಬಾರದು. ಪಬ್ಲಿಕ್ ಕೀ ಮಾತ್ರ ಸರ್ವರ್‌ನ ಆಥರೈಸ್ಡ್ ಕೀಸ್ ಫೈಲಿಗೆ ಸೇರಬೇಕು.

ಇಷ್ಟನ್ನೂ ಮಾಡಿದ್ದೆ. ಆದರೂ ಪಾಸ್‌ವರ್ಡ್ ಕೇಳುತ್ತಿತ್ತು. ಎಸ್‌ಎಸ್‌ಎಚ್ ಕಮಾಂಡಿಗೆ ಮೈನಸ್ ವಿ (ನಡೆಯುವುದನ್ನೆಲ್ಲ ವಿವರವಾಗಿ ತೋರಿಸುವ ಆಯ್ಕೆ) ಹಾಕಿ ನೋಡಿದರೆ ನನ್ನ ಕೀಯನ್ನು ಸರ್ವರ್ ಮುಂದೆ ಇಟ್ಟಿದ್ದು ಕಾಣುತ್ತೆ, ಅದು ಒಪ್ಪದೆ ಮುಂದಿನ ದಾರಿಗೆ ಹೋಗಿದ್ದೂ ಕಾಣುತ್ತೆ, ಆದರೆ ಯಾಕೆ ಒಪ್ಪಲಿಲ್ಲ ಅಂತ ಒಂದಕ್ಷರವೂ ಇಲ್ಲ. ಬಾಗಿಲಲ್ಲಿ ನಿಂತ ಅಪರಿಚಿತನಿಗೆ ಸರ್ವರ್ ಕಾರಣ ಹೇಳಲ್ಲ, ಹೇಳಲೂಬಾರದು ಅಲ್ವಾ? ಕಾರಣ ಇರುವುದು ಸರ್ವರ್‌ನ ಲಾಗಲ್ಲಿ. ಉಬುಂಟುವಿನಲ್ಲಿ ಆತ್ ಡಾಟ್ ಲಾಗ್, ರೆಡ್ ಹ್ಯಾಟ್ ಕಡೆಯವುಗಳಲ್ಲಿ ಸೆಕ್ಯೂರ್ ಎಂಬ ಫೈಲ್. ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ತೆರೆದೆ. 'ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್ ಫಾರ್ ಡೈರೆಕ್ಟರಿ' ಅಂತಿತ್ತು, ಅಂದರೆ ಫೋಲ್ಡರಿನ ಮಾಲೀಕ ಅಥವಾ ಪರ್ಮಿಷನ್ ಸರಿಯಿಲ್ಲ ಅಂತ, ಮುಂದೆ ಸರ್ವರ್‌ನಲ್ಲಿ ನನ್ನ ಹೋಮ್ ಫೋಲ್ಡರಿನ ಹೆಸರು. ಕೀ ಫೈಲಿನದಲ್ಲ, ಆ ಫೈಲ್ ಇರುವ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನದೂ ಅಲ್ಲ, ಅದರ ಹೊರಗಿನ ಹೋಮಿನದು!

ನಾನು ಎಡವಿದ್ದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಪರ್ಮಿಷನ್ನಿನ ಮೂರು ಅಂಕೆಗಳಲ್ಲಿ ಮೊದಲನೆಯದು ಮಾಲೀಕನಿಗೆ, ನಡುವಿನದು ಗುಂಪಿಗೆ, ಕೊನೆಯದು ಉಳಿದವರಿಗೆ. ಓದಲು 4, ಬರೆಯಲು 2, ಒಳಹೋಗಲು 1. ನನ್ನ ಹೋಮ್ 775 ಆಗಿತ್ತು. ನಡುವಿನ 7 ಅಂದರೆ 4, 2, 1 ಮೂರೂ ಸೇರಿ, ಅಂದರೆ ಗುಂಪಿನವರೂ ಅಲ್ಲಿ ಬರೆಯಬಹುದು. ಹೋಮಲ್ಲಿ ಬರೆಯಲು ಆಗುವವನು ನನ್ನ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನ ಹೆಸರು ಬದಲಿಸಿ, ಅದೇ ಜಾಗದಲ್ಲಿ ತನ್ನದೊಂದನ್ನು ಇಡಬಹುದು. ಒಳಗಿನ ಫೈಲಿಗೆ ಎಷ್ಟು ಬಿಗಿ ಮಾಡಿದರೇನು? ಕಾಫಿ ಗೋಡೌನಿನ ಬಾಗಿಲಿಗೆ ದೊಡ್ಡ ಬೀಗ ಜಡಿದು, ಮೇಲೆ ಹೆಂಚು ಸರಿಸಿ ಇಳಿಯಲು ಬಿಟ್ಟ ಹಾಗೆ. ಅದಕ್ಕೇ ಎಸ್‌ಎಸ್‌ಎಚ್ ಕೀ ಫೈಲಿನಿಂದ ಹೋಮ್‌ವರೆಗೆ ಪ್ರತಿ ಮೆಟ್ಟಿಲನ್ನೂ ನೋಡುತ್ತೆ. ಒಂದು ಸಡಿಲ ಇದ್ದರೂ ಕೀ ನಂಬಲ್ಲ. ಹೋಮಿಗೆ 755 ಕೊಟ್ಟೆ, ತಕ್ಷಣ ಒಳಗೆ ಬಿಟ್ಟಿತು. ವೆಬ್‌ಸೈಟಿನ ಒಂದು ಫೋಲ್ಡರಿಗೆ ಕೊಡಬೇಕಿದ್ದ 775 ಅನ್ನು ಹಿಂದಿನ ವಾರ ನಾನೇ ಇಡೀ ಹೋಮಿಗೆ ಕೊಟ್ಟಿದ್ದೆ.

ಇನ್ನೊಂದು ಗೊಂದಲವೂ ಇದರಲ್ಲೇ ಬಗೆಹರಿಯಿತು. ಎಲ್ಲರೂ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಕೀ ಫೈಲಿಗೆ 600 ಅಂತ ಬಾಯಿಪಾಠ ಮಾಡಿಸುತ್ತಾರೆ. ಹಾಗೆ ಇಟ್ಟರೆ ಒಳ್ಳೆಯದೇ. ಆದರೆ ಸರ್ವರ್ ಕಡೆ ತಕರಾರು ಇರುವುದು ಬೇರೆಯವರು *ಬರೆಯುವುದಕ್ಕೆ*, ಆಥರೈಸ್ಡ್ ಕೀಸ್ 644 ಇದ್ದರೂ ಒಪ್ಪುತ್ತೆ. ಲ್ಯಾಪ್‌ಟಾಪ್ ಕಡೆ ಪ್ರೈವೇಟ್ ಕೀಯನ್ನು ಬೇರೆಯವರು *ಓದುವ* ಹಾಗಿದ್ದರೂ ಸಾಕು, ಅದನ್ನು ಬಳಸಲು ಒಪ್ಪಲ್ಲ. ಪಬ್ಲಿಕ್ ಕೀ ಓದಿದರೆ ನಷ್ಟವಿಲ್ಲ, ಪ್ರೈವೇಟ್ ಕೀ ಓದಿದರೆ ಎಲ್ಲ ಹೋದಂತೆ. ಇದು ಹೊಳೆದ ಮೇಲೆ ಅಂಕೆ ಬಾಯಿಪಾಠ ಮಾಡುವುದೇ ಬೇಡ ಅನಿಸಿತು.

ಕೀ ಕೆಲಸ ಮಾಡಿದ ಮೇಲೆ ಪಾಸ್‌ವರ್ಡ್ ಲಾಗಿನ್ ತೆಗೆಯಿರಿ. ಅದಕ್ಕೆ ಎಸ್‌ಎಸ್‌ಎಚ್‌ಡಿಯ (ಸರ್ವರ್ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಮ್) ಕಾನ್ಫಿಗ್ ಬದಲಿಸಿ, ಮೊದಲು ಎಸ್‌ಎಸ್‌ಎಚ್‌ಡಿ ಮೈನಸ್ ಟಿ ಕೊಟ್ಟು ಅದರಲ್ಲಿ ತಪ್ಪಿಲ್ಲ ಅಂತ ನೋಡಿ, ಆಮೇಲೆ ರೀಲೋಡ್. ಇದ್ದ ವಿಂಡೋ ಮುಚ್ಚದೆ ಇನ್ನೊಂದರಿಂದ ಲಾಗಿನ್ ಆಗಿ ನೋಡಿ ಅಂತ ಎಲ್ಲ ಕಡೆ ಹೇಳುತ್ತಾರೆ, ಸರಿಯಾದ ಮಾತು. ಆದರೆ ನಮ್ಮಲ್ಲಿ ಜುಲೈ ಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟಿನ ಜೊತೆ ಆ ವಿಂಡೋವೂ ಹೋಗುತ್ತೆ. ಅದಕ್ಕೆ ನಾನು ಕಾನ್ಫಿಗ್ ಮುಟ್ಟುವ ಮೊದಲೇ ಸರ್ವರ್ ಕೊಟ್ಟವರ ಬ್ರೌಸರ್ ಕನ್ಸೋಲಿಗೆ (ಎಸ್‌ಎಸ್‌ಎಚ್ ಕೈಕೊಟ್ಟರೂ ಸರ್ವರ್ ತೆರೆಯುವ ತುರ್ತು ದಾರಿ) ಮೊಬೈಲಿಂದ ಒಮ್ಮೆ ಲಾಗಿನ್ ಆಗಿ ನೋಡಿಕೊಳ್ಳುತ್ತೇನೆ.