ಕೈಯೆರಡೂ ಕೀಬೋರ್ಡ್ ಮೇಲಿದ್ದರೆ ಬೇಸ್ ಯಾರು ನುಡಿಸ್ತಿದ್ರು?

ಓದುಗರ ಪ್ರಶ್ನೆ: ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ನಲ್ಲಿ ಇದ್ದದ್ದು ನಾಲ್ಕೇ ಜನ. ಹಳೇ ವಿಡಿಯೊ ನೋಡಿದರೆ, ತಗ್ಗಿನ ಸ್ವರಗಳ ಬೇಸ್ ಗಿಟಾರ್ ನುಡಿಸಬೇಕಾದ ಜಾನ್ ಪಾಲ್ ಜೋನ್ಸ್ ಎಷ್ಟೋ ಹಾಡುಗಳಲ್ಲಿ ಕೀಬೋರ್ಡ್ ಮುಂದೆ ಕೂತಿರುತ್ತಾರೆ. ಆಗ ಬೇಸ್ ಯಾರದ್ದು? ಟೇಪ್ ಹಾಕ್ತಿದ್ರಾ?

ಉತ್ತರ: ಟೇಪ್ ಅಲ್ಲ. ಪರದೆ ಹಿಂದೆ ಐದನೆಯವರೂ ಇರಲಿಲ್ಲ. ಜೋನ್ಸ್ ಅವರೇ ನುಡಿಸುತ್ತಿದ್ದರು. ಕಾಲಲ್ಲಿ.

ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ದಯವಿಟ್ಟು ಇದನ್ನೇ ಕಳಿಸಿ.

ಚರ್ಚಿನ ಆರ್ಗನ್‌ಗೆ ಕೆಳಗೂ ಒಂದು ಸಾಲು ಮನೆಗಳು, ಅಂದರೆ ಕೀಗಳು, ಇರುತ್ತವೆ. ಉದ್ದುದ್ದ ಮರದ ಪಟ್ಟಿಗಳು. ಅವನ್ನು ಒತ್ತುವುದು ಪಾದದಿಂದ. ನಮ್ಮ ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ನೋಡಿದವರಿಗೆ ಒಂದು ವ್ಯತ್ಯಾಸ ಹೇಳಬೇಕು. ಅಲ್ಲಿ ಕಾಲು ಗಾಳಿ ಮಾತ್ರ ತುಂಬುತ್ತದೆ, ಸ್ವರ ಕೈಯದ್ದು. ಆರ್ಗನ್‌ನಲ್ಲಿ ಕಾಲೂ ಸ್ವರ ನುಡಿಸುತ್ತದೆ, ಅದೂ ತೀರಾ ತಗ್ಗಿನ ಸ್ವರಗಳನ್ನು. ಇದೇ ಪಟ್ಟಿಗಳನ್ನು ಬೇರೆ ಮಾಡಿ, ವಿದ್ಯುತ್ ಜೋಡಿಸಿ, ವೇದಿಕೆಗೆ ತಂದರೆ ಅದೇ ಬೇಸ್ ಪೆಡಲ್. 1977ರ ಪ್ರವಾಸದಲ್ಲಿ ಜೋನ್ಸ್ ಮೂರು ಕುತ್ತಿಗೆಯ ಒಂದು ವಾದ್ಯ ಹಿಡಿದಿದ್ದರು. ಒಂದು ಮ್ಯಾಂಡೊಲಿನ್, ಒಂದು 12 ತಂತಿಯ ಗಿಟಾರ್, ಒಂದು 6 ತಂತಿಯ ಗಿಟಾರ್, ಎಲ್ಲ ಒಂದೇ ಮೈಗೆ. ಕೈಗೆ ಬಿಡುವಿಲ್ಲ. ಬೇಸ್ ಕಾಲಿನಿಂದ ಬರುತ್ತಿತ್ತು. ರೆಕಾರ್ಡಿಂಗ್‌ನಲ್ಲೂ ಹೀಗೇ. 1970ರ ಮೂರನೇ ಆಲ್ಬಂನಲ್ಲಿರುವ 'ಸಿನ್ಸ್ ಐ ಹ್ಯಾವ್ ಬೀನ್ ಲವಿಂಗ್ ಯೂ' ಎಂಬ ನಿಧಾನದ ಬ್ಲೂಸ್ ಕೇಳಿ. ಅಲ್ಲಿ ಬೇಸ್ ಗಿಟಾರ್ ಇಲ್ಲವೇ ಇಲ್ಲ. ಕೈಯಲ್ಲಿ ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್, ಕಾಲಲ್ಲಿ ಅದರ ಪೆಡಲ್.

ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. ಅದು ಬಂದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. "ಜೋನ್ಸ್ ಏನು, ಸಾಧಾರಣ ಬೇಸ್ ವಾದಕ. ಗಿಟಾರ್ ವಾದಕ ಜಿಮ್ಮಿ ಪೇಜ್ ಸೇರಿಸಿಕೊಂಡರು, ಅದೃಷ್ಟ ಖುಲಾಯಿಸಿತು. ಗಿಟಾರ್ ಸರಿಯಾಗಿ ಬರದವರು ತಾನೇ ಬೇಸ್ ಹಿಡಿಯೋದು?"

ಇಲ್ಲ. ಇದರಲ್ಲಿ ಒಂದು ತುಣುಕೂ ನಿಜವಲ್ಲ.

ಜೋನ್ಸ್ ಹುಟ್ಟಿದ್ದು 1946ರ ಜನವರಿ 3ರಂದು, ಇಂಗ್ಲೆಂಡಿನ ಕೆಂಟ್‌ನ ಸಿಡ್‌ಕಪ್‌ನಲ್ಲಿ. ನಿಜ ಹೆಸರು ಜಾನ್ ಬಾಲ್ಡ್ವಿನ್. ಅಪ್ಪ ಪಿಯಾನೊ ವಾದಕ. ದೊಡ್ಡ ಡಾನ್ಸ್ ಬ್ಯಾಂಡ್‌ಗಳಿಗೆ ಸಂಗೀತ ಸಂಯೋಜಿಸಿಕೊಡುತ್ತಿದ್ದವರು. ಹುಡುಗ 14ನೇ ವಯಸ್ಸಿಗೇ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ, ಹಾಡುವವರ ತಂಡವನ್ನೂ ನಡೆಸುತ್ತಿದ್ದ. ಆ ಕಾಲು ಎಲ್ಲಿ ಪಳಗಿತು ಅಂತ ಈಗ ಗೊತ್ತಾಯ್ತಲ್ವಾ?

1963ರಲ್ಲಿ, ಇನ್ನೂ 17 ವರ್ಷ, ಜೆಟ್ ಹ್ಯಾರಿಸ್ ಮತ್ತು ಟೋನಿ ಮೀಹನ್ ಜೋಡಿಯ ಬ್ಯಾಂಡ್‌ನಲ್ಲಿ ಬೇಸ್. ಮರುವರ್ಷದಿಂದ ಲಂಡನ್ನಿನ ಸ್ಟುಡಿಯೊಗಳಲ್ಲಿ ಸೆಷನ್ ಕೆಲಸ. ಸೆಷನ್ ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಹಾಳೆ ಕೈಗೆ ಕೊಡುತ್ತಾರೆ. ಸ್ವರಲಿಪಿ ನೋಡಿದ ತಕ್ಷಣ ನುಡಿಸಬೇಕು. ತಪ್ಪಿದರೆ ಸ್ಟುಡಿಯೊ ಬಾಡಿಗೆ ಓಡುತ್ತಿರುತ್ತದೆ. ನಾಳೆ ಬೇರೆಯವರನ್ನು ಕರೆಯುತ್ತಾರೆ. ಅಲ್ಲಿ ಸಾಧಾರಣದವರು ವಾರ ಉಳಿಯುವುದಿಲ್ಲ, ಜೋನ್ಸ್ ವರ್ಷಗಟ್ಟಲೆ ಉಳಿದರು. ಬರೀ ನುಡಿಸಲಿಲ್ಲ, ಬೇರೆಯವರಿಗೆ ಬರೆದೂ ಕೊಟ್ಟರು. ರೋಲಿಂಗ್ ಸ್ಟೋನ್ಸ್‌ನ 1967ರ 'ಶೀ ಈಸ್ ಎ ರೇನ್‌ಬೋ' ಹಾಡಿನಲ್ಲಿ ಪಿಟೀಲುಗಳ ಅಲೆ ಬರುತ್ತದಲ್ಲ, ಅದನ್ನು ಸಂಯೋಜಿಸಿದ್ದು ಇವರು. ಡೊನೊವನ್ ಅವರ 'ಮೆಲೋ ಯೆಲ್ಲೋ'ದ ಸಂಯೋಜನೆಯೂ ಇವರದೇ.

ಪೇಜ್ ಕೂಡ ಅದೇ ಸ್ಟುಡಿಯೊಗಳಲ್ಲಿ ಸೆಷನ್ ಮಾಡಿದವರು. ಇಬ್ಬರಿಗೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತಿತ್ತು. 1968ರಲ್ಲಿ ಪೇಜ್ ಹೊಸ ಬ್ಯಾಂಡ್ ಕಟ್ಟುತ್ತಿರುವ ಸುದ್ದಿ ತಿಳಿದು ಫೋನ್ ಮಾಡಿದ್ದು ಜೋನ್ಸ್. ಕೈತುಂಬ ಕೆಲಸ ಇದ್ದ ಮನುಷ್ಯ ಅದನ್ನು ಬಿಟ್ಟು ಬಂದರು. ಇದರಲ್ಲಿ ಅದೃಷ್ಟ ಎಲ್ಲಿಂದ ಬಂತು?

ಒಳಗೆ ಬಂದ ಮೇಲೆ? 'ಬ್ಲ್ಯಾಕ್ ಡಾಗ್'ನ ಆ ತಿರುವುಮುರುವು ಲಯದ ಗಿಟಾರ್ ಸಾಲನ್ನು ಎಲ್ಲರೂ ಪೇಜ್ ಲೆಕ್ಕಕ್ಕೆ ಬರೆಯುತ್ತಾರೆ. ಕಟ್ಟಿದ್ದು ಜೋನ್ಸ್. 'ಸ್ಟೇರ್‌ವೇ ಟು ಹೆವನ್' ಶುರುವಿನ ಕೊಳಲಿನ ದನಿ ಜೋನ್ಸ್ ನುಡಿಸಿದ ರೆಕಾರ್ಡರ್ ಎಂಬ ಊದುವ ವಾದ್ಯದ್ದು. ಬ್ಯಾಂಡ್ ಒಟ್ಟಿಗಿದ್ದಾಗ ಬಂದ ಕೊನೆಯ ಸ್ಟುಡಿಯೊ ಆಲ್ಬಂ 1979ರದ್ದು. ಅದರಲ್ಲಿ 7 ಹಾಡು. 6 ಹಾಡಿಗೆ ರಚನಕಾರರಾಗಿ ಜೋನ್ಸ್ ಹೆಸರಿದೆ. ಅವುಗಳಲ್ಲಿ ಎರಡಕ್ಕೆ ಪೇಜ್ ಹೆಸರೇ ಇಲ್ಲ. ಇದು ನನ್ನ ಅಭಿಪ್ರಾಯವಲ್ಲ, ಆಲ್ಬಂ ಮೇಲೆ ಅಚ್ಚಾಗಿರುವುದು. ತಿರುಗಿಸಿ ನೋಡಿದರೆ ಸಾಕು.

ಹಾಗಿದ್ದೂ ಈ ತಪ್ಪು ಮಾತು ಯಾಕೆ ಸಾಯುವುದಿಲ್ಲ? ಜೋನ್ಸ್ ವೇದಿಕೆಯಲ್ಲಿ ಡ್ರಮ್ಸ್ ಪಕ್ಕ ಸುಮ್ನೆ ನಿಂತುಬಿಡುತ್ತಿದ್ದರು, ಅದೊಂದು ಕಾರಣ. ಇನ್ನೊಂದು ನಮ್ಮ ಕೈಯಲ್ಲಿದೆ. ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ತಗ್ಗಿನ ಸ್ವರ ಸುಮಾರು 41 ಹರ್ಟ್ಸ್. ಫೋನಿನ ಪುಟ್ಟ ಸ್ಪೀಕರ್‌ಗೆ ಅದು ದಕ್ಕುವುದೇ ಇಲ್ಲ. ಫೋನಲ್ಲೇ ಹಾಡು ಕೇಳಿ ಬೇಸ್‌ನಲ್ಲಿ ಏನೂ ಇಲ್ಲ ಅಂದರೆ ಹೇಗೆ? ಒಂದು ಸಾಧಾರಣ ಇಯರ್‌ಫೋನ್ ಹಾಕಿ 1969ರ ಎರಡನೇ ಆಲ್ಬಂನ 'ರ‍್ಯಾಂಬಲ್ ಆನ್' ಕೇಳಿ. ಬೇಸ್ ಅಲ್ಲಿ ಹಾಡಿನ ಜೊತೆಗೇ ಹಾಡುತ್ತದೆ.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಕೊಡುತ್ತೇನೆ. ಇಷ್ಟೆಲ್ಲ ಬರುವ ಮನುಷ್ಯ ಸ್ವಂತ ಆಲ್ಬಂ ಯಾವಾಗ ಮಾಡಿದರು? 1999ರಲ್ಲಿ, 53ನೇ ವಯಸ್ಸಿಗೆ. ಹೆಸರು 'ಝೂಮಾ'. ಅದಕ್ಕೂ ಮೊದಲು ಕೈಕಟ್ಟಿ ಕೂತಿರಲಿಲ್ಲ. 1980ರ ಸೆಪ್ಟೆಂಬರ್‌ನಲ್ಲಿ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡು ಬ್ಯಾಂಡ್ ನಿಂತ ಮೇಲೆ ಸಿನಿಮಾಕ್ಕೆ ಸಂಗೀತ ಕೊಟ್ಟರು, ಬೇರೆಯವರ ಆಲ್ಬಂಗಳಿಗೆ ನಿರ್ಮಾಪಕರಾದರು, ಆರ್‌ಇಎಂ ಬ್ಯಾಂಡ್‌ನ 1992ರ ಆಲ್ಬಂಗೆ ತಂತಿವಾದ್ಯಗಳ ಸಂಯೋಜನೆ ಮಾಡಿದರು. 1994ರಲ್ಲಿ ಗಾಯಕಿ ಡಯಾಮಾಂಡಾ ಗಲಾಸ್ ಜೊತೆ ಒಂದು ಆಲ್ಬಂ ಬಂತು. ಅದು ಗಿಟಾರ್ ನೆಚ್ಚಿದ ಸಂಗೀತವಲ್ಲ. ಬೇಸ್, ಡ್ರಮ್ಸ್, ಆಕೆಯ ಭಯಂಕರ ಕಂಠ ಸಾಕಾಗುತ್ತದೆ. ಅದೇ ವರ್ಷ ಪೇಜ್ ಮತ್ತು ಬ್ಯಾಂಡ್‌ನ ಗಾಯಕ ರಾಬರ್ಟ್ ಪ್ಲಾಂಟ್ ಮತ್ತೆ ಒಂದಾದಾಗ ಇವರನ್ನು ಕರೆಯಲಿಲ್ಲ. ಆ ಆಲ್ಬಂಗೆ ಇಟ್ಟ ಹೆಸರು 'ನೋ ಕ್ವಾರ್ಟರ್'. ಅದು ಜೋನ್ಸ್ ಪಾಲು ದೊಡ್ಡದಾಗಿರುವ ಹಾಡಿನ ಹೆಸರು. ಇದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ. ಜೋನ್ಸ್ ಜಗಳಕ್ಕೆ ಹೋಗಲಿಲ್ಲ. 1995ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಪಡೆಯುವಾಗ, ಕೊನೆಗೂ ನನ್ನ ಫೋನ್ ನಂಬರ್ ನೆನಪು ಮಾಡಿಕೊಂಡಿದ್ದಕ್ಕೆ ಥ್ಯಾಂಕ್ಸ್ ಗೆಳೆಯರೇ ಅಂದರು.

'ಝೂಮಾ'ದಲ್ಲಿ ಹಾಡುಗಾರಿಕೆ ಇಲ್ಲ, ಬೇಸ್ ಮುಂದೆ ನಿಂತು ನಡೆಸುವ ಸಂಗೀತ. 2001ರ 'ದಿ ಥಂಡರ್‌ಥೀಫ್'ನಲ್ಲಿ ತಾವೇ ಹಾಡಿದ್ದಾರೆ. 2009ರಲ್ಲಿ ಡೇವ್ ಗ್ರೋಲ್ ಮತ್ತು ಜಾಶ್ ಹಾಮಿ ಜೊತೆ 'ದೆಮ್ ಕ್ರೂಕೆಡ್ ವಲ್ಚರ್ಸ್' ಎಂಬ ಬ್ಯಾಂಡ್ ಕಟ್ಟಿದಾಗ ವಯಸ್ಸು 63. ಹೊಸಬರು ಮೊದಲು ಇದನ್ನು ಕೇಳಿ, ಆಮೇಲೆ 'ಝೂಮಾ'. ಇಯರ್‌ಫೋನ್ ಮಾತ್ರ ಮರೆಯಬೇಡಿ.