ಅಪೊಲೊಗೆ ಬೇಕಿರುವುದು ಬಿಸಿಲು ಕಾದ ಬಂಡೆ

ಅಪೊಲೊ ಚಿಟ್ಟೆ ಕಡಿಮೆಯಾಗುತ್ತಿದೆ ಎಂದೊಡನೆ ಬರುವ ಪ್ರಶ್ನೆ ಒಂದೇ: ಯಾವ ಹೂವಿನ ಬೀಜ ಎರಚಲಿ? ದಯವಿಟ್ಟು ಮೊದಲು ನೆಲ ನೋಡಿ. ಬಿಳಿ ರೆಕ್ಕೆ, ಹಿಂರೆಕ್ಕೆಯಲ್ಲಿ ಕೆಂಪು ಕಣ್ಣು ಹೊತ್ತು ಈ ಚಿಟ್ಟೆ ಹಾರಾಡುವುದು ಎರಡು ಮೂರು ವಾರ ಮಾತ್ರ. ಆಗ ಮುಳ್ಳುಗಿಡಗಳ ನೇರಳೆ ಹೂವಿನ ಮಕರಂದ ಬೇಕು, ನಿಜ. ಉಳಿದ ಕಾಲವೆಲ್ಲ ಅದರ ಬದುಕು ಕಲ್ಲುಗಳ ನಡುವೆಯೇ.

ಯುರೋಪಿನ ಆಲ್ಪ್ಸ್‌ನಂಥ ಬೆಟ್ಟಗಳಲ್ಲಿ ಬೇಸಿಗೆಯ ನಡುವೆ ಹೆಣ್ಣು ಬಿಡಿಬಿಡಿಯಾಗಿ ಮೊಟ್ಟೆ ಇಡುತ್ತದೆ. ಸಾಸಿವೆ ಕಾಳಿನಷ್ಟು, ಬಿಳಿ ಬಣ್ಣ. ಹುಳುವಿನ ಮೇವು ಸೀಡಮ್ ಎಂಬ ದಪ್ಪ ಎಲೆಯ ಗಿಡ; ಅದರ ಮೇಲೆಯೇ ಇಡುತ್ತದೆಂದಿಲ್ಲ. ಪಕ್ಕದ ಒಣ ಪಾಚಿ, ಹುಲ್ಲುಕಡ್ಡಿಗೂ ಅಂಟಿಸುತ್ತದೆ. ಒಳಗೆ ಮರಿಹುಳು ರೂಪುಗೊಂಡರೂ ಹೊರಬರದೆ ಚಳಿಗಾಲವನ್ನೆಲ್ಲ ಚಿಪ್ಪಿನೊಳಗೇ ಕಳೆಯುತ್ತದೆ. ಮೊಟ್ಟೆಯೊಡೆಯುವುದು ಮಾರ್ಚ್–ಏಪ್ರಿಲ್‌ನಲ್ಲಿ, ಎತ್ತರದಲ್ಲಿ ಇನ್ನೂ ತಡ. ಅಂದರೆ ವರ್ಷದಲ್ಲಿ ಸುಮಾರು ಎಂಟು ತಿಂಗಳು ಅಪೊಲೊ ಎಂದರೆ ಮೊಟ್ಟೆಯೇ. "ಈಗ ಚಿಟ್ಟೆ ಇಲ್ಲವಲ್ಲ" ಎಂದು ಚಳಿಗಾಲದಲ್ಲಿ ಕಲ್ಲು ಸರಿಸಿ, ಪಾಚಿ ಕೆರೆದು ಜಾಗ ಚೊಕ್ಕಟ ಮಾಡುವವರು ತುಳಿಯುವುದು ಇದನ್ನೇ.

ಬಲಿತ ಕಂಬಳಿಹುಳು ಮಖಮಲ್ಲಿನಂಥ ಕಪ್ಪು, ಪಕ್ಕದಲ್ಲಿ ಸಾಲಾಗಿ ಕಿತ್ತಳೆ ಚುಕ್ಕೆ. ಆ ಕಪ್ಪು ಬಿಸಿಲು ಹೀರಲೆಂದೇ. ಕಾದ ಕಲ್ಲಿನ ಮೇಲೆ ಮೈ ಬಿಸಿ ಮಾಡಿಕೊಂಡು ಸೀಡಮ್‌ನ ದಪ್ಪ ಎಲೆ ಮೇಯುತ್ತದೆ; ಮೋಡ ಕವಿದರೆ ಕಲ್ಲಿನಡಿ ನುಸುಳಿ ಸುಮ್ಮನಾಗುತ್ತದೆ. ಆದ್ದರಿಂದಲೇ ಪೊದೆ ಬೆಳೆದ ಇಳಿಜಾರಿನಲ್ಲಿ ಸೀಡಮ್ ಇದ್ದರೂ ಹುಳು ಉಳಿಯುವುದು ಕಷ್ಟ. ನೆರಳು ಬಿತ್ತು, ಕಲ್ಲು ತಣ್ಣಗಾಯಿತು, ಮೇವು ನಿಧಾನವಾಯಿತು, ಬೆಳವಣಿಗೆ ಹಿಂದೆ ಬಿತ್ತು. ನೆರಳು ಹೆಚ್ಚಿದಂತೆ ಸೀಡಮ್ ಕೂಡ ಸೊರಗುತ್ತದೆ. ಕೋಶಾವಸ್ಥೆ ಕಲ್ಲುಗಳ ಸಂದಿಯಲ್ಲಿ, ತೆಳು ರೇಷ್ಮೆ ಬಲೆಯೊಳಗೆ, ಎರಡು ಮೂರು ವಾರ.

ಮಾಡಬೇಕಾದದ್ದು ಇಷ್ಟು. ದಕ್ಷಿಣಕ್ಕೆ ಮುಖ ಮಾಡಿದ ಕಲ್ಲಿಳಿಜಾರಿನ ಪೊದೆ ಕಡಿಯಿರಿ, ಆದರೆ ಒಂದೇ ವರ್ಷ ಪೂರ್ತಿ ಬೇಡ. ಕಡಿದ ಕೊಂಬೆಯನ್ನು ಸೀಡಮ್ ಮೇಲೆ ಎಳೆಯಬೇಡಿ. ಅಲ್ಲೇ ಸುಡುವುದಂತೂ ಕೂಡದು. ಬುಡ ಮತ್ತೆ ಚಿಗುರುತ್ತದೆ, ಹಾಗಾಗಿ ಮರುವರ್ಷವೂ ಹೋಗಲೇಬೇಕು. ಕುರಿ ಮೇಕೆ ಮೇಯಿಸಿದರೆ ಚಿಗುರು ಹತೋಟಿಗೆ ಬರುತ್ತದೆ, ಮಂದೆ ದೊಡ್ಡದಾದರೆ ಹೂವೂ ಹೋಗುತ್ತದೆ, ಮೊಟ್ಟೆಯೂ ತುಳಿತಕ್ಕೆ ಸಿಗುತ್ತದೆ; ಎಷ್ಟು ಕುರಿ ಎಂಬುದನ್ನು ಜಾಗ ನೋಡಿಯೇ ಹೇಳಬೇಕು. ಪೋಲೆಂಡ್‌ನ ಪಿಯೆನಿನಿ ಬೆಟ್ಟಗಳಲ್ಲಿ 1990ರ ದಶಕದಲ್ಲಿ ಹುಳು ಸಾಕಿ ಬಿಟ್ಟವರು ಜೊತೆಗೇ ಕಲ್ಲಿಳಿಜಾರುಗಳ ಮರ, ಪೊದೆಯನ್ನೂ ತೆರವು ಮಾಡಿದರು. ಹೂವಿನ ಬೀಜದ ಮಾತು ಅದಾದ ಮೇಲೆ.